ಆ ತೊಂಬತ್ತೊಂದು ಯಾರದು?

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಹಿರಿಯರು ಕೇಳುತ್ತಿದ್ದರು. ಬೇಕು ಎಂದು ನಮ್ಮ ಸರ್ಕಾರ ತೀರ್ಮಾನಿಸಿ, ನಾನು ದ್ವಿತೀಯ ಪಿಯುಸಿ ಮುಗಿಸುವ ಹೊತ್ತಿಗೆ ಹನ್ನೊಂದು ವರ್ಷವಾಗಿತ್ತು. ಜಿಲ್ಲೆಗೊಂದು ಒಲವು ಕೇಂದ್ರ ಕಟ್ಟಿದ್ದರು. ಒಳಗೆ ಸಾಲು ಸಾಲು ಸಣ್ಣ ಕೋಣೆಗಳು. ಕೋಣೆಯಲ್ಲಿ ಒಂದು ಪರದೆ, ಒಂದು ಕುರ್ಚಿ, ಕುರ್ಚಿಯ ಬಲತೋಳಿನ ಮೇಲೆ ಅಂಗೈ ಅಗಲದ ಒಂದು ತಗಡು. ಮುಂದೆ ಏನು ಓದಬೇಕೆಂದು ತಿಳಿಯಲು ಮಕ್ಕಳು ಆ ತಗಡಿನ ಮೇಲೆ ನಲವತ್ತು ನಿಮಿಷ ಕೈಯಿಟ್ಟು ಕೂರಬೇಕಿತ್ತು.

ತಗಡಿನ ಕೆಲಸ ಅರ್ಥವಾಗದಂಥದ್ದೇನಲ್ಲ. ಪರದೆಯ ಮೇಲೆ ಮುನ್ನೂರು ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ಉತ್ತರ ಹೇಳಬೇಕಿಲ್ಲ, ಬರೆಯಬೇಕಿಲ್ಲ. ನಿಜವಾಗಿ ಹಿಡಿಸುವ ವಿಷಯ ಕಣ್ಣಿಗೆ ಬಿದ್ದಾಗ, ನಮಗೇ ಅದು ಗೊತ್ತಾಗುವ ಮೊದಲು, ಅಂಗೈ ಸಣ್ಣಗೆ ಬೆವರುತ್ತದೆ. ಬೆವರಿದ ಚರ್ಮದಲ್ಲಿ ಕರೆಂಟು ಕೊಂಚ ಸಲೀಸಾಗಿ ಹರಿಯುತ್ತದೆ. ಆ ಕೊಂಚವನ್ನು ತಗಡು ಅಳೆಯುತ್ತದೆ. ತಮ್ಮ ಕೆಲಸದಲ್ಲಿ ನೆಮ್ಮದಿಯಾಗಿರುವ ಐವತ್ತು ಲಕ್ಷ ಜನರ ಅಂಗೈ ಹೀಗೆ ಮಿಡಿದ ಗೆರೆ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ಅದರ ಜೊತೆ ಹೋಲಿಸಿ ಹದಿನೆಂಟು ವಿಷಯಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಅರವತ್ತಕ್ಕಿಂತ ಕಡಿಮೆ ಬಂದ ವಿಷಯದಲ್ಲಿ ಸರ್ಕಾರಿ ಸೀಟು ಇಲ್ಲ.

ಇದನ್ನು ತಂದದ್ದು ಯಾಕೆ ಗೊತ್ತೇ? ಅಪ್ಪ ಅಮ್ಮಂದಿರ ಕಾಟದಿಂದ ಮಕ್ಕಳನ್ನು ಬಿಡಿಸಲು. ಅಪ್ಪನಿಗೆ ಇಂಜಿನಿಯರಿಂಗ್ ಬೇಕು, ಅಮ್ಮನಿಗೆ ಡಾಕ್ಟರು ಬೇಕು, ಮಗುವಿಗೆ ಏನು ಬೇಕೋ ಕೇಳುವವರಿಲ್ಲ ಎಂದು ಪತ್ರಿಕೆಗಳೆಲ್ಲ ಬರೆದ ಮೇಲೆ ಸರ್ಕಾರಕ್ಕೆ ಜ್ಞಾನೋದಯವಾಯಿತು. 'ಬಾಯಿ ಸುಳ್ಳಾಡೀತು, ಅಂಗೈ ಆಡದು' ಎಂದು ಕೇಂದ್ರದ ಗೋಡೆಯ ಮೇಲೆ ಬರೆಸಿದರು. ಅದರ ಕೆಳಗೆ 'ಒಲವಿಗೆ ವಯಸ್ಸಿಲ್ಲ' ಎಂದೂ ಇತ್ತು, ಪಿಯುಸಿ ಮುಗಿಸಿದ ಯಾವ ವಯಸ್ಸಿನವರೂ ಬರಬಹುದೆಂದು. ಬರುತ್ತಿದ್ದವರೆಲ್ಲ ಹದಿನೇಳರ ಮಕ್ಕಳೇ.

ನಮ್ಮದು ಶಿರಾ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಅಂಗಡಿ. 'ಶ್ರೀ ಈರಲಿಂಗೇಶ್ವರ ಮೋಟಾರ್ ವರ್ಕ್ಸ್, ಮಾಲೀಕರು: ಈರಲಿಂಗಪ್ಪ' ಎಂದು ಬೋರ್ಡು. ದೇವರ ಹೆಸರೂ ಅಪ್ಪನ ಹೆಸರೂ ಒಂದೇ ಆದ್ದರಿಂದ ಇಬ್ಬರೂ ಸೇರಿ ಅಂಗಡಿ ನಡೆಸುತ್ತಾರೆಂದು ಜನ ತಮಾಷೆ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ ಇಬ್ಬರೂ ನಡೆಸುತ್ತಿರಲಿಲ್ಲ. ಅಪ್ಪ ಸುಟ್ಟ ಮೋಟಾರನ್ನು ಇಳಿಸಿಕೊಂಡು, ತಂದವರಿಗೆ ಟೀ ತರಿಸಿ, ಊರ ಸುದ್ದಿ ಮಾತಾಡುತ್ತಿದ್ದ. ಹಿಂದಿನ ಕೋಣೆಯಲ್ಲಿ ಮೋಟಾರು ಬಿಚ್ಚಿ, ಸುಟ್ಟ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಕಾಯಿಲು ಕಟ್ಟಿ ಓಡಿಸುತ್ತಿದ್ದವಳು ನಮ್ಮಮ್ಮ ಓಂಕಾರಮ್ಮ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಸಾಕು, ಯಾವ ಬೇರಿಂಗು ಎಷ್ಟು ದಿನ ಬರುತ್ತದೆಂದು ಹೇಳಿಬಿಡುತ್ತಿದ್ದಳು. ಪಿಯುಸಿಯಲ್ಲಿ ಅವಳಿಗೆ ಗಣಿತದಲ್ಲಿ ತೊಂಬತ್ತಾರು ಬಂದಿತ್ತಂತೆ. ಫಲಿತಾಂಶ ಬರುವುದಕ್ಕೆ ಒಂದು ವಾರ ಮೊದಲೇ ಮದುವೆಯಾಗಿತ್ತು.

ನಾನು ಅದೇ ಅಂಗಡಿಯಲ್ಲಿ ಬೆಳೆದವಳು. ತಂತಿಯ ಗೇಜು ನನಗೂ ಬರುತ್ತಿತ್ತು, ಆದರೆ ನನ್ನ ಕಣ್ಣು ಮೋಟಾರಿನ ಮೇಲಲ್ಲ, ಅದನ್ನು ಹೊತ್ತು ತಂದವರ ಮುಖದ ಮೇಲೆ. ಸೇವಂತಿಗೆ ಬೆಳೆಯುವ ಜುಂಜಣ್ಣ ಎಂಬುವವರು ಒಂದೇ ತಿಂಗಳಲ್ಲಿ ನಾಲ್ಕು ಸಲ ಅದೇ ಮೋಟಾರು ತಂದರು. ಓಡ್ತಿಲ್ಲ ಎನ್ನುವುದು, ಅಮ್ಮ ಬಿಚ್ಚುವುದು, ಏನೂ ಆಗಿಲ್ಲವೆನ್ನುವುದು, ನಾಲ್ಕು ಸಲವೂ ಅದೇ ಕಥೆ. ನಾಲ್ಕನೇ ಸಲ ನಾನು ಅವರ ಪಕ್ಕದಲ್ಲಿ ಕೂತು, "ಮನೇಲಿ ಸ್ವಿಚ್ಚು ಹಾಕೋರು ಯಾರು ಅಣ್ಣ?" ಎಂದು ಕೇಳಿದೆ. ಅವರು ಹೆಗಲ ಟವಲ್ಲಿನಿಂದ ಮೋಟಾರಿನ ಧೂಳು ಒರೆಸುತ್ತ, "ಅವಳೇ ಹಾಕ್ತಿದ್ಲು ಕಣವ್ವ" ಎಂದರು. ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಆ ಸ್ವಿಚ್ಚನ್ನು ಮುಟ್ಟಲು ಅವರಿಗೆ ಕೈ ಬರುತ್ತಿರಲಿಲ್ಲ. ಮೋಟಾರು ಓಡುತ್ತಿಲ್ಲ ಎಂದು ಅವರು ಹೇಳಿದ್ದು ನಿಜವೇ ಆಗಿತ್ತು. ಅವತ್ತು ಸಂಜೆ ಅವರ ಜೊತೆ ತೋಟಕ್ಕೆ ಹೋದೆ, ಇಬ್ಬರೂ ಸೇರಿ ಸ್ವಿಚ್ಚು ಹಾಕಿದೆವು. ಅವತ್ತೇ ಸೈಕಾಲಜಿ ಓದಬೇಕೆಂದು ನಿರ್ಧರಿಸಿದೆ.

ಪರೀಕ್ಷೆಯ ದಿನ ಅಮ್ಮನ ಜೊತೆ ತುಮಕೂರಿಗೆ ಹೋದೆ. ನನಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ, ಆದ್ದರಿಂದ ಕೋಣೆಯೊಳಗೆ ಪೋಷಕರೊಬ್ಬರು ಇರಬೇಕೆಂದು ನಿಯಮ. ನನ್ನ ಕುರ್ಚಿಗೆ ಒತ್ತಿಕೊಂಡು ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ತಗಡಿಗೆ ಉಪ್ಪುನೀರು ಸವರಿದ ತಕ್ಷಣ ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು.

"ತಡಿ, ಅರ್ತಿಂಗ್ ಸರಿ ಐತೋ ಇಲ್ವೋ," ಎಂದು ಮೊದಲು ತನ್ನ ಕೈಯ ಹಿಂಭಾಗವನ್ನು ತಗಡಿಗೆ ತಾಕಿಸಿ ನೋಡಿದಳು. ಗಾಜಿನ ಆಚೆ ನಿಯಂತ್ರಣ ಕೋಣೆಯಲ್ಲಿ ಕೂತಿದ್ದ ತಂತ್ರಜ್ಞೆ ಜಬೀನಾ ಮೇಡಂ ನಕ್ಕರು. "ಶಾಕ್ ಹೊಡಿಯಲ್ಲ ಅಮ್ಮ, ಕೂತ್ಕೊಳಿ," ಎಂದು ಮೈಕಿನಲ್ಲಿ ಹೇಳಿದರು.

ತಗಡು ತಣ್ಣಗಿತ್ತು. ನಾನು ಬೆಚ್ಚಿದ್ದನ್ನು ಕಂಡು ಅಮ್ಮ ನನ್ನ ಕೈಮೇಲೆ ತನ್ನ ಕೈಯಿಟ್ಟಳು, ಸಣ್ಣವಳಿದ್ದಾಗ ಇಂಜೆಕ್ಷನ್ ಕೊಡಿಸುವಾಗ ಇಡುತ್ತಿದ್ದಂತೆ. ನನ್ನದು ಸಣ್ಣ ಕೈ. ಅವಳ ಬೆರಳುಗಳು ನನ್ನ ಬೆರಳ ಸಂದಿಗಳಿಂದ ಕೆಳಗಿಳಿದು ತಗಡಿಗೆ ತಾಕಿದವು. ಜಬೀನಾ ಮೇಡಂ ನೋಡಿದರೂ ತಡೆಯಲಿಲ್ಲ. ಬಂದ ತಾಯಂದಿರೆಲ್ಲ ಹಾಗೇ ಮಾಡುತ್ತಿದ್ದರು; ಮಗು ಹೆದರಿದಾಗ ಕೈ ಹಿಡಿಯಬೇಡಿ ಎಂದು ನಮ್ಮೂರ ಕಡೆ ಯಾರಿಗೆ ಹೇಳಲಾದೀತು?

ಚಿತ್ರಗಳು ಬಂದವು. ಸೇತುವೆ. ಟಿಕೆಟ್ ಹರಿಯುತ್ತ ಪ್ರಯಾಣಿಕನೊಬ್ಬನನ್ನು ಬಯ್ಯುತ್ತಿರುವ, ಆದರೆ ಕಣ್ಣಲ್ಲಿ ನೀರು ತುಂಬಿಕೊಂಡಿರುವ ಕಂಡಕ್ಟರು. ನಾಲ್ಕು ರಾಟೆಗಳಿಗೆ ಒಂದೇ ಬೆಲ್ಟು ಹಾಕಿದ ಯಂತ್ರ. ಮನೆಗೆ ಬೀಗ ಹಾಕಿ ಮೂರನೇ ಸಲ ಎಳೆದು ನೋಡುತ್ತಿರುವ ಮುದುಕಿ. ಬೆಲ್ಟಿನ ಚಿತ್ರ ಬಂದಾಗ ಅಮ್ಮ ಮೆಲ್ಲಗೆ, "ಉಲ್ಟಾ ಹಾಕವ್ರೆ ನೋಡು," ಎಂದಳು. ನಾನು ನಕ್ಕೆ. ನಲವತ್ತು ನಿಮಿಷ ಮುಗಿದಾಗ ಅವಳ ಅಂಗೈ ಒದ್ದೆಯಾಗಿತ್ತು, ನನ್ನ ಬಗ್ಗೆ ಆತಂಕವೆಂದು ತಿಳಿದುಕೊಂಡೆ.

ಮೂರನೇ ದಿನ ಫಲಿತಾಂಶ ಬಂತು. ಇಂಜಿನಿಯರಿಂಗ್ ತೊಂಬತ್ತೊಂದು. ಸೈಕಾಲಜಿ ಮೂವತ್ತನಾಲ್ಕು.

ಅಪ್ಪ ಒಂದು ಕೇಜಿ ಜಹಾಂಗೀರು ತಂದು ಬೀದಿಗೆಲ್ಲ ಹಂಚಿದ. ಶನಿವಾರ ಸಂಜೆ ಐದರೊಳಗೆ ಸೀಟು ಒಪ್ಪಿಕೊಳ್ಳಬೇಕು, ಒಪ್ಪದಿದ್ದರೆ ಮೂರು ವರ್ಷ ಯಾವ ಸರ್ಕಾರಿ ಕಾಲೇಜಿನ ಬಾಗಿಲೂ ತೆರೆಯುವುದಿಲ್ಲ ಎಂದು ಫಲಿತಾಂಶದ ಕೆಳಗೇ ಅಚ್ಚಾಗಿತ್ತು. ಅವತ್ತು ಬುಧವಾರ.

"ನಾನು ಸೈಕಾಲಜಿನೇ ಓದೋದು," ಎಂದೆ.

"ಮೂವತ್ನಾಲ್ಕಕ್ಕೆ?" ಎಂದ ಅಪ್ಪ. "ಫೇಲಾಗಿರೋ ಸಬ್ಜೆಕ್ಟೇ ಬೇಕು ಅಂತೀಯಲ್ಲೇ. ನಾವು ಹೇಳಿದ್ರೆ ಕಾಟ ಅಂತೀಯ. ಈಗ ನಿನ್ನ ಕೈಯೇ ಹೇಳೈತೆ, ಅದನ್ನಾದ್ರೂ ಕೇಳು."

ಆ ಮಾತೇ ನನ್ನನ್ನು ಹೆಚ್ಚು ಉರಿಸಿತು. ಯಾರಾದರೂ ಎದುರು ನಿಂತು ಬೇಡವೆಂದರೆ ಜಗಳವಾಡಬಹುದು. ನನ್ನದೇ ಕೈ ನನ್ನ ವಿರುದ್ಧ ಸಾಕ್ಷಿ ಹೇಳಿದರೆ ಯಾರ ಜೊತೆ ಜಗಳ? ಎರಡು ದಿನ ನನ್ನ ಅಂಗೈಯನ್ನೇ ನೋಡುತ್ತ ಕೂತೆ. ಜುಂಜಣ್ಣನ ಪಕ್ಕ ಕೂತಾಗ ನನಗೆ ಆದದ್ದೆಲ್ಲ ಸುಳ್ಳೇ ಎಂದು ಅನುಮಾನ ಹುಟ್ಟಿತು. ಮನುಷ್ಯನಿಗೆ ತನ್ನ ಮೇಲೇ ಅನುಮಾನ ಹುಟ್ಟಿಸುವುದಕ್ಕಿಂತ ದೊಡ್ಡ ಕಾಟ ಯಾವುದೂ ಇಲ್ಲ ಎಂದು ಇವತ್ತಿಗೂ ಹೇಳುತ್ತೇನೆ.

ಶುಕ್ರವಾರ ಮಧ್ಯಾಹ್ನ ಅಮ್ಮ, ಫಲಿತಾಂಶದ ಜೊತೆ ಬಂದಿದ್ದ ಗೆರೆಯ ಹಾಳೆಯನ್ನು ಕೇಳಿದಳು. ಮುನ್ನೂರು ಚಿತ್ರಗಳಿಗೆ ಅಂಗೈ ಹೇಗೆ ಮಿಡಿಯಿತೆಂಬ ಉದ್ದನೆಯ ಗೆರೆ ಅದು. ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಅಮ್ಮ ಅದನ್ನು ಕೆಲಸದ ಮೇಜಿನ ಮೇಲೆ ಹಾಸಿ, ಹಾರದಂತೆ ಒಂದು ಬೇರಿಂಗು ಇಟ್ಟು, ಬೆರಳಿಟ್ಟುಕೊಂಡು ಓದತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಬೆರಳು ನಿಂತಿತು.

"ಇದು ಒಂದು ಲೋಡಲ್ಲ ಕಣೇ," ಎಂದಳು. "ಎರಡು."

"ಹಂಗಂದ್ರೆ?"

"ಒಂದೇ ಲೈನಿಗೆ ಎರಡು ಮೋಟಾರು ಹಾಕಿದ್ರೆ ಆಂಪಿಯರ್ ಮೀಟ್ರು ಮುಳ್ಳು ಒಂದೇ ಸಲ ಏರಲ್ಲ. ಒಂದು ಏರಿದ ಮೇಲೆ ಇನ್ನೊಂದು ಚೂರು ಏರ್ತೈತೆ. ಇಲ್ಲೂ ಹಂಗೇ. ಮುಂದಿಂದು ದೊಡ್ಡದು, ಬೆನ್ನಿಗೆ ಸಣ್ಣದು. ಉದ್ದಕ್ಕೂ ಹಂಗೇ ಐತೆ." ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. "ನನ್ನ ಬೆರಳೂ ತಾಕ್ತಿತ್ತಲ್ವಾ ತಗಡಿಗೆ?"

ಅವಳು ಬಾಯಿ ಮುಚ್ಚಿಕೊಂಡಿದ್ದರೆ ನಾನು ಇಂಜಿನಿಯರಿಂಗ್ ಸೇರುತ್ತಿದ್ದೆ. ಅವಳಿಗೆ ಬೇಕಾಗಿದ್ದೂ ಅದೇ. ಯಾಕೆ ಹೇಳಿದೆ ಎಂದು ಆಮೇಲೊಮ್ಮೆ ಕೇಳಿದ್ದಕ್ಕೆ, "ಮೀಟ್ರು ಸುಳ್ಳು ತೋರಿಸ್ತಿದ್ರೆ ನಂಗೆ ತಡಿಯಕ್ಕಾಗಲ್ಲ ಕಣೇ," ಎಂದಿದ್ದಳು.

ಎರಡು ಲೋಡು ಎಂದು ಕಂಡುಹಿಡಿದದ್ದು ಅವಳು. ಯಾವುದು ಯಾರದೆಂದು ಕಂಡುಹಿಡಿದದ್ದು ನಾನು. ಹಾಳೆಯ ಜೊತೆಗೇ ಬಂದಿದ್ದ ಚಿತ್ರಗಳ ಪಟ್ಟಿಯನ್ನು ಗೆರೆಯ ಪಕ್ಕ ಇಟ್ಟು ನೋಡಿದೆ. ಸೇತುವೆಗೆ, ಬೆಲ್ಟಿಗೆ, ಗೇರಿಗೆ, ನೀರೆತ್ತುವ ಚಕ್ರಕ್ಕೆ, ದೊಡ್ಡ ಮಿಡಿತ ಬೆಟ್ಟದಂತೆ ಎದ್ದಿತ್ತು.

"ಅಮ್ಮ, ಬೆಲ್ಟಿನ ಚಿತ್ರ ಬಂದಾಗ ನಿಂಗೆ ಏನನ್ನಿಸ್ತು?"

"ಏನನ್ನಿಸುತ್ತೆ? ತಪ್ಪು ಹಾಕವ್ರೆ ಅನ್ನಿಸ್ತು."

"ಅದಲ್ಲ. ಒಳಗೆ ಏನಾಯ್ತು?"

ಅವಳು ಬೇರಿಂಗನ್ನು ಎತ್ತಿ ಬೆರಳಲ್ಲಿ ತಿರುಗಿಸುತ್ತ ನಿಂತಳು. "ಖುಷಿಯಾಯ್ತು," ಎಂದಳು, ತಪ್ಪೊಪ್ಪಿಕೊಳ್ಳುವವಳ ಧ್ವನಿಯಲ್ಲಿ. "ನಾನಾದ್ರೆ ಹೆಂಗೆ ಹಾಕ್ತಿದ್ದೆ ಅಂತ ಯೋಚನೆ ಬಂತು. ಮುಂದಿಂದು ಬರೋ ಹೊತ್ತಿಗೆ ಇದನ್ನ ಬಿಡಕ್ಕೇ ಮನಸಿರಲಿಲ್ಲ."

ಮಗಳು ಇಂಜಿನಿಯರ್ ಆಗಲಿ ಎಂದು ಅವಳು ಬಯಸುತ್ತಾಳೆಂದು ನಾನು ತಿಳಿದಿದ್ದೆ. ಅವಳೂ ಹಾಗೇ ತಿಳಿದಿದ್ದಳು. ಆ ಆಸೆ ನನಗಾಗಿ ಹುಟ್ಟಿದ್ದಲ್ಲ, ನಾನು ಹುಟ್ಟುವ ಮೊದಲಿನದು ಎಂದು ಆ ಮೇಜಿನ ಮುಂದೆ ಇಬ್ಬರಿಗೂ ಒಟ್ಟಿಗೆ ತಿಳಿಯಿತು. ಅಮ್ಮ ಅಳಲಿಲ್ಲ. ಹಾಳೆಯನ್ನು ಮಡಚಿ ರವಿಕೆಯೊಳಗೆ ಸಿಕ್ಕಿಸಿಕೊಂಡು, "ನಾಳೆ ಬೆಳಗ್ಗೆ ತುಮಕೂರಿಗೆ ಹೋಗಾಣ," ಎಂದಳು.

ಶನಿವಾರ ಬೆಳಗ್ಗೆ ಹತ್ತಕ್ಕೆ ನಾವು ನಿಯಂತ್ರಣ ಕೋಣೆಯಲ್ಲಿದ್ದೆವು. ಕೇಂದ್ರದ ಮುಖ್ಯಸ್ಥರು ಹೆಬ್ಬಾರ್ ಎಂಬುವವರು. ಸೌಮ್ಯವಾಗಿ ಮಾತಾಡುವ, ಯಾವ ಮಾತನ್ನೂ ಕೇಳಿಸಿಕೊಳ್ಳದ ಮನುಷ್ಯ.

"ನೋಡಮ್ಮ, ಅಂಥದ್ದಕ್ಕೆಲ್ಲ ಯಂತ್ರದಲ್ಲಿ ವ್ಯವಸ್ಥೆ ಇದೆ," ಎಂದರು. "ಬೇರೆ ಸಿಗ್ನಲ್ ಸೇರಿಕೊಂಡರೆ ಅದನ್ನು ಶೋಧಿಸಿ ತೆಗೆದುಹಾಕುತ್ತದೆ."

"ಹೆಂಗೆ ತೆಗೀತೈತೆ?" ಎಂದಳು ಅಮ್ಮ.

ಹೆಬ್ಬಾರರು ಜಬೀನಾ ಮೇಡಂ ಕಡೆ ನೋಡಿದರು. ಜಬೀನಾ ಮೇಡಂ ಅಮ್ಮನ ಹಾಳೆಯನ್ನು ಬೆಳಕಿಗೆ ಹಿಡಿದಿದ್ದರು. ಅವರ ಮುಖದ ಬಣ್ಣ ಬದಲಾಗಿತ್ತು. "ಎರಡು ಸಿಗ್ನಲ್ ಬಂದರೆ ಅಂಕ ಹಾಕುವಾಗ ಜೋರಾಗಿರೋದನ್ನ ಇಟ್ಕೊಳ್ಳುತ್ತೆ," ಎಂದರು ನಿಧಾನವಾಗಿ. "ಸಣ್ಣದನ್ನ ಗದ್ದಲ ಅಂತ ಅಳಿಸಿಬಿಡುತ್ತೆ."

"ನಮ್ಮನೇಲೂ ಹಂಗೇ ಮೇಡಂ," ಎಂದೆ.

ಅವರು ನಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಆ ತಿಂಗಳ ಇನ್ನೂರು ಮಕ್ಕಳ ಗೆರೆಗಳನ್ನು ತೆರೆದು, ಬೆನ್ನಿಗೆ ಸಣ್ಣ ಮಿಡಿತ ಇರುವವನ್ನು ಎಣಿಸಲು ಹೇಳಿದರು. ಪರದೆಯ ಮೇಲೆ ಉತ್ತರ ಬಂತು: ನೂರ ಅರವತ್ತೆಂಟು. ಕೈಪಿಡಿ ಬರೆದವರು ಎಲ್ಲೋ ದೊಡ್ಡ ಪ್ರಯೋಗಾಲಯದಲ್ಲಿ, ಒಬ್ಬೊಬ್ಬರೇ ಕೂತ ದೊಡ್ಡವರ ಮೇಲೆ ಪರೀಕ್ಷಿಸಿ ಬರೆದಿದ್ದರು. ಪಕ್ಕದಲ್ಲೊಬ್ಬ ತಾಯಿ ಕೂತರೆ ಅವಳ ಕೈ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ಹನ್ನೊಂದು ವರ್ಷ ಮಕ್ಕಳ ಅಂಗೈ ಓದುತ್ತಿದ್ದೇವೆಂದುಕೊಂಡು ಅಪ್ಪ ಅಮ್ಮಂದಿರ ಅಂಗೈ ಓದಿದ್ದರು.

ಹೆಬ್ಬಾರರು ಎದ್ದು ಬಾಗಿಲು ಹಾಕಿದರು. ಮೊದಲ ಬಾರಿಗೆ ನನ್ನ ಮುಖ ನೋಡಿ ಮಾತಾಡಿದರು.

"ಇದನ್ನು ನಾನು ಮೇಲಿನವರಿಗೆ ಬರೆಯುತ್ತೇನೆ. ಅದು ಬೇರೆ ವಿಷಯ. ನಿನ್ನ ಸಮಸ್ಯೆ ಈಗಲೇ ಬಗೆಹರಿಸಬಹುದು. ಜಬೀನಾ, ಎರಡೂ ಗೆರೆ ಬೇರೆ ಮಾಡಿ ಅಂಕ ಹಾಕಿ."

ಪ್ರಿಂಟರಿನಿಂದ ಎರಡು ಹಾಳೆ ಬಂದವು. ಮೊದಲನೆಯದನ್ನು ಹೆಬ್ಬಾರರೇ ಓದಿದರು. ದೊಡ್ಡ ಗೆರೆ, ಇಂಜಿನಿಯರಿಂಗ್, ತೊಂಬತ್ತೊಂದು. ಅದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಬರಹ ಕೆಳಗಾಗುವಂತೆ ಮೇಜಿನ ಮೇಲೆ ನನ್ನ ಕಡೆ ಸರಿಸಿದರು.

"ಇದು ನಿನ್ನದು. ತಿರುಗಿಸಿ ನೋಡು. ಅರವತ್ತು ದಾಟಿದ್ದರೆ ಇವತ್ತೇ ಸೈಕಾಲಜಿ ಸೀಟು ಬರೆದುಕೊಡುತ್ತೇನೆ."

ಕೈ ಚಾಚಿದೆ. ಬಿಳಿಯ ಹಾಳೆ. ಪ್ರಿಂಟರಿನ ಬಿಸಿ ಇನ್ನೂ ಆರಿರಲಿಲ್ಲ. ಹೆದರಿಕೆಯಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅದರಲ್ಲೂ ಇಂಜಿನಿಯರಿಂಗ್ ಎಂದೇ ಇದ್ದರೆ? ಸೈಕಾಲಜಿಗೆ ಇಪ್ಪತ್ತು ಎಂದಿದ್ದರೆ? ಎಂಬತ್ತು ಎಂದಿದ್ದರೆ? ಎಂಬತ್ತು ಎಂದಿದ್ದರೆ ಕುಣಿದುಬಿಡುತ್ತಿದ್ದೆ, ಅದೂ ನನಗೆ ಗೊತ್ತಿತ್ತು. ಎರಡು ದಿನ ನನ್ನ ಕೈಯನ್ನು ನಾನೇ ಅನುಮಾನಿಸುತ್ತ ಕೂತಿದ್ದು ನೆನಪಾಯಿತು. ಈ ಹಾಳೆ ತಿರುಗಿಸಿದರೆ ಜೀವನವಿಡೀ ಹಾಗೇ ಕೂರಬೇಕಾಗುತ್ತದೆ ಎನ್ನಿಸಿತು.

"ನೋಡಲ್ಲ ಸಾರ್," ಎಂದೆ.

"ಯಾಕಮ್ಮ?"

"ಎಂಬತ್ತು ಬಂದಿದ್ರೆ ಯಂತ್ರ ಸರಿ ಅಂತೀರ. ಮೂವತ್ತು ಬಂದಿದ್ರೆ ನಾನು ತಪ್ಪು ಅಂತೀರ. ಎರಡರಲ್ಲೂ ನನ್ನನ್ನ ಕೇಳಿದ್ದು ಯಾರು?"

"ನಿನಗೇ ಗೊತ್ತಿಲ್ಲದ್ದನ್ನು ಇದು ಹೇಳುತ್ತದೆ. ಹದಿನೇಳು ವರ್ಷದವಳು ನೀನು. ನಿನ್ನ ಮನಸ್ಸು ನಾಳೆ ಬದಲಾಗಬಹುದು."

"ಬದಲಾಗ್ಲಿ ಸಾರ್. ಅದೂ ನಂದೇ ತಾನೆ."

ಹಾಳೆಯನ್ನು ತಿರುಗಿಸದೆ ನಾಲ್ಕಾಗಿ ಹರಿದೆ, ಎಂಟಾಗಿ ಹರಿದೆ. ಹರಿಯುವಾಗ ಅಕ್ಷರ ಕಾಣದಿರಲಿ ಎಂದು ಕಿಟಕಿಯ ಕಡೆ ನೋಡುತ್ತಿದ್ದೆ. ಚೂರುಗಳನ್ನು ಕಸದ ಬುಟ್ಟಿಗೆ ಹಾಕಿ, "ಆ ತೊಂಬತ್ತೊಂದು ನಂದಲ್ಲ. ನನ್ನ ಹೆಸರಿಂದ ತೆಗೀರಿ," ಎಂದೆ.

ಹೆಬ್ಬಾರರ ಸೌಮ್ಯತೆ ಅಲ್ಲಿಗೆ ಮುಗಿಯಿತು. "ತೆಗೆಯೋಣ," ಎಂದು ನನ್ನ ಫಲಿತಾಂಶದ ಮೇಲೆ 'ಅಂಕ ರದ್ದು' ಎಂದು ಬರೆದು, ಸಹಿ ಮಾಡಿ, ಮೊಹರು ಹಾಕಿದರು. "ಹೋಗು. ಅಂಕವಿಲ್ಲದೆ ಯಾವ ಕಾಲೇಜು ಒಳಗೆ ಬಿಟ್ಟುಕೊಳ್ಳುತ್ತದೋ ನೋಡೋಣ."

ನಾನು ಎದ್ದೆ. ಅಮ್ಮ ಏಳಲಿಲ್ಲ. ಅವಳ ಕಣ್ಣು ಪಕ್ಕಕ್ಕಿಟ್ಟಿದ್ದ ಮೊದಲನೆಯ ಹಾಳೆಯ ಮೇಲಿತ್ತು.

"ಅದು ಇವಳದಲ್ಲ ಅಂದ್ರೆ," ಎಂದಳು, "ಯಾರದು ಸಾರ್ ಹಂಗಾದ್ರೆ?"

ಜಬೀನಾ ಮೇಡಂ ಗೋಡೆಯ ಕಡೆ ಬೆರಳು ತೋರಿಸಿದರು. ಒಲವಿಗೆ ವಯಸ್ಸಿಲ್ಲ. "ಅವರದೇ ಹೆಸರಲ್ಲಿ ಒಂದು ಸಲ ಕೂರಬೇಕು ಸಾರ್. ನಿಯಮದಲ್ಲಿ ಇದೆ. ಪಿಯುಸಿ ಆಗಿದೆಯಾ ಅಮ್ಮ?"

"ಆಗೈತೆ. ಟ್ರಂಕಲ್ಲಿ ಮಾರ್ಕ್ಸ್ ಕಾರ್ಡೂ ಐತೆ."

ನನಗೆ ಆಶ್ಚರ್ಯವಾಯಿತು. ಆಗತಾನೆ ನಾನು ಹರಿದುಹಾಕಿದ್ದನ್ನೇ ಅವಳು ಕೇಳುತ್ತಿದ್ದಳು. "ಅಮ್ಮ, ನಿಂಗೆ ಇದ್ಯಾಕೆ?" ಎಂದು ಅವಳ ತೋಳು ಹಿಡಿದೆ.

"ನಿನ್ನನ್ನ ಎಲ್ಲಾರೂ ಅಳೀತಾರೆ, ನಿಂಗೆ ಬ್ಯಾಡ," ಎಂದಳು. "ನನ್ನನ್ನ ಇಷ್ಟು ವರ್ಷ ಯಾವ ಮೀಟ್ರೂ ಅಳೀಲಿಲ್ಲ ಕಣೇ. ಒಂದ್ಸಲ ನೋಡಾಣ."

ಅವಳು ಒಳಗೆ ಹೋಗಿ ಕೂತಳು. ಈ ಸಲ ಪ್ಲಾಸ್ಟಿಕ್ ಕುರ್ಚಿ ಖಾಲಿ. ನಾನು ಗಾಜಿನ ಈಚೆ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಬೆಲ್ಟಿನ ಚಿತ್ರ ಬಂದಾಗ ಅವಳ ತುಟಿ ಅಲುಗಿದ್ದು ಕಂಡಿತು, ಪರದೆಯ ಮೇಲೆ ಗೆರೆ ಎದ್ದದ್ದೂ ಕಂಡಿತು. ಇಂಜಿನಿಯರಿಂಗಿಗೆ ತೊಂಬತ್ತಮೂರು ಬಂತು, ಸೀಟೂ ಅವತ್ತೇ ಕೈಗೆ ಸಿಕ್ಕಿತು.

ಮನೆಗೆ ಬಂದಾಗ ಅಪ್ಪ ಅಂಗಡಿ ಮುಂದೆ ಯಾರೊಂದಿಗೋ ಮಾತಾಡುತ್ತಿದ್ದ. ಎಲ್ಲ ಕೇಳಿಸಿಕೊಂಡು ಮೊದಲು ನಕ್ಕ, ಆಮೇಲೆ ನಗು ನಿಂತಿತು.

"ಮಗಳು ಸೀಟು ಬಿಟ್ಟು ಬಂದ್ಲು, ಅವಳವ್ವ ಸೀಟು ತಗಂಡು ಬಂದ್ಲು. ಊರೋರು ಏನಂದಾರು? ನಲವತ್ತೆರಡು ವರ್ಷಕ್ಕೆ ಬ್ಯಾಗು ನೇತಾಕ್ಕಂಡು ಕಾಲೇಜಿಗೆ ಹೋಗ್ತೀಯೇನೇ?"

"ಹೋಗ್ತೀನಿ."

"ಅಂಗಡೀಲಿ ಮೋಟಾರು ಕಟ್ಟೋರು ಯಾರು?"

ಅಮ್ಮ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಎಂದೂ ಏರದ ಅವಳ ದನಿ ಅವತ್ತೂ ಏರಲಿಲ್ಲ.

"ನೀವೇ ಕಟ್ಟಿ," ಎಂದಳು. "ಬೋರ್ಡಿನ ಮ್ಯಾಲೆ ನಿಮ್ಮ ಹೆಸರೇ ಐತಲ್ಲ."

ಅಪ್ಪ ಬೋರ್ಡನ್ನು ತಲೆಯೆತ್ತಿ ನೋಡಿದ. ಇಪ್ಪತ್ತು ವರ್ಷದಲ್ಲಿ ಅದನ್ನು ಅವನು ಓದಿದ್ದು ಅದೇ ಮೊದಲಿರಬೇಕು. ಅವನು ಕೆಟ್ಟವನಲ್ಲ, ಯಾರೂ ಹೇಳದ ಕಾರಣ ನೋಡಿರಲಿಲ್ಲ ಅಷ್ಟೇ. ಎರಡು ದಿನ ಮುನಿಸಿಕೊಂಡಿದ್ದು ಮೂರನೇ ದಿನ ಹಿಂದಿನ ಕೋಣೆಗೆ ಹೋಗಿ, ತಂತಿಯ ಉರುಳೆ ಹಿಡಿದುಕೊಂಡು, "ಎಷ್ಟು ಸುತ್ತು?" ಎಂದು ಅಮ್ಮನನ್ನು ಕೇಳಿದ. ಅವನು ಕಟ್ಟಿದ ಮೊದಲ ಮೋಟಾರು ಐದೇ ನಿಮಿಷದಲ್ಲಿ ಹೊಗೆಯಾಡಿತು. ಅಮ್ಮ ನಕ್ಕಷ್ಟು ನಾನು ನಗಲಿಲ್ಲ, ನನ್ನ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ.

ಶನಿವಾರದ ಗಡುವು ಮುಗಿದುಹೋಗಿತ್ತು. ನನ್ನ ಕೈಯಲ್ಲಿದ್ದದ್ದು ರದ್ದಾದ ಅಂಕದ ಒಂದು ಹಾಳೆ. ಅದನ್ನು ಮಡಚಿಕೊಂಡು ಬುಧವಾರ ತುಮಕೂರಿನ ಸರ್ಕಾರಿ ಕಾಲೇಜಿಗೆ ಹೋಗಿ ಸೈಕಾಲಜಿ ಪ್ರವೇಶದ ಸಾಲಿನಲ್ಲಿ ನಿಂತೆ. ಕೌಂಟರಿನ ಹಿಂದೆ ಕನ್ನಡಕ ಹಾಕಿದ ವಯಸ್ಸಾದ ಗುಮಾಸ್ತರು. ಅರ್ಜಿಯ ಮೇಲೆ ಅವರ ಪೆನ್ನು ಸರಸರನೆ ಓಡಿ, ಒಂದು ಕಡೆ ನಿಂತಿತು.

"ಒಲವಿನ ಅಂಕ ಬರೆದಿಲ್ಲ."

"ರದ್ದಾಗಿದೆ ಸಾರ್." ಹಾಳೆ ತೋರಿ‍ಸಿದೆ.

"ಹಾಗಾದರೆ ಸೀಟು ಕೊಡಕ್ಕೆ ಬರಲ್ಲಮ್ಮ."

"ನಿಯಮ ಒಂದ್ಸಲ ಓದಿ ಸಾರ್."

ನನ್ನ ಹಿಂದೆ ಸಾಲು ಗೊಣಗತೊಡಗಿತು. ಗುಮಾಸ್ತರು ನಿಟ್ಟುಸಿರು ಬಿಟ್ಟು ಮೇಜಿನ ಗಾಜಿನ ಕೆಳಗಿದ್ದ ಸುತ್ತೋಲೆಯ ಮೇಲೆ ಬೆರಳಿಟ್ಟು ಓದಿದರು: "ಅರವತ್ತಕ್ಕಿಂತ ಕಡಿಮೆ ಅಂಕ ಬಂದವರಿಗೆ ಪ್ರವೇಶ ನೀಡತಕ್ಕದ್ದಲ್ಲ. ಸಿಕ್ಕ ಸೀಟನ್ನು ಗಡುವಿನೊಳಗೆ ಒಪ್ಪಿಕೊಳ್ಳದವರಿಗೆ ಮೂರು ವರ್ಷ ಪ್ರವೇಶ ನೀಡತಕ್ಕದ್ದಲ್ಲ."

"ನಂಗೆ ಅಂಕವೇ ಬಂದಿಲ್ಲ ಸಾರ್, ಕಡಿಮೆ ಹೆಂಗಾಗುತ್ತೆ? ಅಂಕವೇ ಇಲ್ಲ ಅಂದ್ಮೇಲೆ ಸೀಟೂ ಸಿಕ್ಕಿರಲಿಲ್ಲ, ಒಪ್ಪದೆ ಬಿಟ್ಟಿದ್ದು ಯಾವುದನ್ನ? ಅಂಕ ಇಲ್ಲದವರಿಗೆ ಕೊಡಬಾರದು ಅಂತ ಎಲ್ಲಾದ್ರೂ ಬರೆದಿದೆಯಾ?"

ಅವರು ಮೂರು ಸಲ ಓದಿದರು, ಹಾಳೆಯ ಹಿಂದೆಯೂ ನೋಡಿದರು. ಬರೆದಿರಲಿಲ್ಲ. ಅಂಕವಿಲ್ಲದೆ ಯಾರಾದರೂ ಬಂದಾರು ಎಂದು ಬರೆದವರಿಗೆ ಹೊಳೆದಿರಲಿಲ್ಲ.

"ಸರಿ, ಆದರೆ ಈ ಜಾಗ ಖಾಲಿ ಬಿಡಕ್ಕಾಗಲ್ಲ," ಎಂದರು. "ನಿನಗೆ ಈ ವಿಷಯದಲ್ಲಿ ಒಲವು ಇದೆ ಅನ್ನೋದಕ್ಕೆ ಏನಾದರೂ ಬರೆಯಲೇಬೇಕು. ಏನು ಬರೀಲಿ?"

"ನನ್ನನ್ನೇ ಕೇಳಿ ಸಾರ್."

"ಏನಂತ ಕೇಳಲಿ?"

"ಏನು ಓದೋಕೆ ಇಷ್ಟ ಅಂತ."

ಗುಮಾಸ್ತರು ಕನ್ನಡಕ ತೆಗೆದರು. ಹನ್ನೊಂದು ವರ್ಷ ಆ ಕೌಂಟರಿನಲ್ಲಿ ಕೂತು ಸಾವಿರಾರು ಮಕ್ಕಳಿಗೆ ಸೀಟು ಬರೆದುಕೊಟ್ಟವರು. ಆ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳಬೇಕಾಗಿ ಬಂದಿರಲಿಲ್ಲ. ನನ್ನ ಹಿಂದಿನ ಗೊಣಗಾಟ ನಿಂತಿತ್ತು. ಸಾಲಿನಲ್ಲಿದ್ದವರೆಲ್ಲ ನನ್ನ ವಯಸ್ಸಿನವರು, ಎಲ್ಲರ ಕೈಯಲ್ಲೂ ಒಂದೊಂದು ಅಂಕದ ಹಾಳೆ, ಎಲ್ಲರ ಪಕ್ಕದಲ್ಲೂ ಒಬ್ಬರು ಅಪ್ಪನೋ ಅಮ್ಮನೋ. ಅವರೂ ಕೇಳಿಸಿಕೊಳ್ಳುತ್ತಿದ್ದರು.

"ಏನು ಓದ್ತೀಯಮ್ಮ?" ಎಂದು ಗುಮಾಸ್ತರು ಕೇಳಿದರು.

ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಾಲಿನ ಕೊನೆಯವರಿಗೂ ಕೇಳುವಂತೆ ಉತ್ತರ ಹೇಳಿದೆ.